ಕೇಳಿದ್ದೇನೆ ಎಂದು ಬರೆದವಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಅದು ವಿಡಿಯೋ ಗೇಮ್ ತಯಾರಿಸುವ ಕಂಪನಿ. ಮೂರನೇ ಮಹಡಿಯ ಮೂಲೆಯಲ್ಲಿ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಹೊಡೆದ, ಕಿಟಕಿಯಿಲ್ಲದ ಕೋಣೆ ಅವಳದು. ಆಟ ಜನರ ಕೈಗೆ ಹೋಗುವ ಮೊದಲು ಅದನ್ನು ಶುರುವಿನಿಂದ ಕೊನೆಯವರೆಗೆ ಕಿವಿಗೊಟ್ಟು ಆಡಿ ನೋಡುವುದು ಅವಳ ಕೆಲಸ. ಹುಲ್ಲಿನ ಮೇಲೆ ನಡೆದರೆ ಹುಲ್ಲಿನ ಸದ್ದು ಬರುತ್ತದೋ ಕಲ್ಲಿನದೋ, ಬಾಗಿಲು ತೆರೆದಾಗ ಕೀಲು ಕಿರುಗುಟ್ಟಿತೋ ಇಲ್ಲವೋ, ಶತ್ರು ಸತ್ತುಬಿದ್ದ ಮೇಲೂ ಕಾಳಗದ ಸಂಗೀತ ಬಡಿದುಕೊಳ್ಳುತ್ತಲೇ ಇದೆಯೋ, ಎಲ್ಲವನ್ನೂ ಕೇಳಿ ಪಟ್ಟಿಯಲ್ಲಿ ಗುರುತು ಹಾಕಬೇಕು. ಆ ಪಟ್ಟಿಯ ಕೊನೆಯ ಅಂಕಣದ ತಲೆಬರಹ ‘ಕೇಳಿದ್ದೇನೆ’ ಎಂದು. ಮೊದಲ ಎಂಟು ವರ್ಷದಲ್ಲಿ ಅಲ್ಲಿ ಅವಳು ಹಾಕಿದ ಗುರುತು ಒಂದೂ ಸುಳ್ಳಾಗಿರಲಿಲ್ಲ.

ಸಂಗೀತದ ವಿಷಯದಲ್ಲಂತೂ ಅವಳ ಕಿವಿಯಿಂದ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಆಟದ ಸಂಗೀತಕ್ಕೆ ಕೊನೆ ಎಂಬುದಿಲ್ಲ. ಆಡುವವರು ಕಾಡಿನಲ್ಲಿ ಎರಡು ನಿಮಿಷ ಇರುತ್ತಾರೋ ಎರಡು ಗಂಟೆ ಇರುತ್ತಾರೋ ಯಾರು ಬಲ್ಲರು? ಅದಕ್ಕೇ ಮೂರು ನಿಮಿಷದ ಹಾಡಿನ ಬಾಲವನ್ನು ಅದರ ತಲೆಗೇ ಹೊಲಿದು ಸುತ್ತು ತಿರುಗಿಸುತ್ತಾರೆ. ಹೊಲಿದ ಜಾಗ ಗೊತ್ತಾಗಬಾರದು. ಬೇರೆ ಯಾರಿಗೂ ಗೊತ್ತಾಗದ ಹೊಲಿಗೆ ಅವಳಿಗೆ ಗೊತ್ತಾಗುತ್ತಿತ್ತು. “ಮೇಷ್ಟ್ರೇ, ಎರಡನೇ ಸುತ್ತು ಶುರುವಾಗೋ ಕಡೆ ದಾರ ಹೊರಗೆ ಬಂದಿದೆ ನೋಡಿ,” ಎನ್ನುವಳು.

ಮೇಷ್ಟ್ರು ಎಂದರೆ ಕಂಪನಿಗೆ ಸಂಗೀತ ಮಾಡಿಕೊಡುವವನು. ಜನ್ಮದಲ್ಲಿ ಯಾರಿಗೂ ಪಾಠ ಹೇಳಿದವನಲ್ಲ. ಮೂಗಿನ ತುದಿಗೆ ಜಾರುವ ಕನ್ನಡಕ, ಯಾವುದನ್ನೂ ಮೂರು ಸಲ ಬಿಡಿಸಿ ಹೇಳುವ ಚಾಳಿ ನೋಡಿ ಯಾರೋ ಇಟ್ಟ ಹೆಸರು ಅದು. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ತನ್ನ ಸಂಗೀತವನ್ನು ಅವಳು ‘ಸರಿ’ ಎನ್ನುವವರೆಗೆ ಮಾಲೀಕರಿಗೂ ಕೇಳಿಸುತ್ತಿರಲಿಲ್ಲ.

ಆ ಕಿವಿ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ಪೆಟ್ಟಿಗೆ ಬಿಚ್ಚುವ ಮೊದಲೇ ಅದರ ಗುಂಯ್‌ಗುಡುವಿಕೆ ಕೇಳಿ ಒಳಗೆ ಯಾವುದು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಐವತ್ತು ದಾಟುವಷ್ಟರಲ್ಲಿ ಅವನಿಗೆ ಕಿವಿ ಮಂದವಾಯಿತು, ಆಮೇಲೆ ಪೂರ್ತಿ ಹೋಯಿತು. ವಿಚಿತ್ರವೆಂದರೆ ಅವನ ದನಿ ವರ್ಷ ವರ್ಷಕ್ಕೂ ಮೆತ್ತಗಾಗುತ್ತ ಬಂತು, ಅಮ್ಮನ ದನಿ ಏರುತ್ತ ಹೋಯಿತು. ಅಪ್ಪ ತೀರಿಕೊಂಡು ಆರು ವರ್ಷವಾದರೂ ಅಮ್ಮ ಕೂಗುವುದನ್ನು ಬಿಟ್ಟಿರಲಿಲ್ಲ. ತರಕಾರಿಯವಳ ಜೊತೆಗೂ ಕೂಗು, ಫೋನಿನಲ್ಲೂ ಕೂಗು, ಎದುರು ಕುಳಿತ ಮಗಳ ಹತ್ತಿರವೂ ಕೂಗು.

“ನಾನೇನು ಕಿವುಡಿಯಾ ಅಮ್ಮಾ, ಯಾಕೆ ಹಾಗೆ ಕಿರುಚ್ತೀಯ?”

“ನಿಮ್ಮಪ್ಪನ ಹತ್ರ ಮೂವತ್ತು ವರ್ಷ ಕಿರುಚಿದ ಗಂಟಲು ಕಣೇ ಇದು. ಇನ್ನು ಮೆತ್ತಗೆ ಮಾಡು ಅಂದ್ರೆ ಎಲ್ಲಿಂದ ಮಾಡ್ಲಿ?”

ಮನೆಯಲ್ಲಿದ್ದವರು ಅವರಿಬ್ಬರೇ. ಅವಳು ಮದುವೆಯಾಗಿರಲಿಲ್ಲ. ಎರಡು ಸಂಬಂಧ ಬಂದು ತಪ್ಪಿದ ಮೇಲೆ ಅಮ್ಮನೂ ಸುಮ್ಮನಾಗಿದ್ದಳು, ಅವಳೂ ಸುಮ್ಮನಾಗಿದ್ದಳು.

ಅವಳಿಗೆ ನಲವತ್ತನಾಲ್ಕು ತುಂಬಿದ ವರ್ಷ ಕಂಪನಿ ಒಂದು ಹೊಸ ಆಟಕ್ಕೆ ಕೈಹಾಕಿತು. ಒಬ್ಬ ಮುದುಕಿ ಕಳೆದುಹೋದ ಮೊಮ್ಮಗಳನ್ನು ಹುಡುಕಿಕೊಂಡು ಕಾಡು ಹೊಗುವ ಕಥೆ. ಕಾಡಿನಲ್ಲಿ ಒಂದು ಪ್ರಾಣಿಯಿದೆ. ಮೈಮೇಲೆ ಎರಗುವವರೆಗೂ ಅದು ಕಣ್ಣಿಗೆ ಬೀಳುವುದಿಲ್ಲ. ಕಚೇರಿಯವರು ಅದಕ್ಕೆ ಹೊಂಚು ಎಂದು ಹೆಸರಿಟ್ಟಿದ್ದರು. ಅದು ಹತ್ತಿರ ಬಂದಿದೆ ಎಂದು ತಿಳಿಯುವುದು ಸಂಗೀತದಿಂದ ಮಾತ್ರ. ಸಂಗೀತ ಎಚ್ಚರಿಸಿದ ಕೂಡಲೇ ಮುದುಕಿಯನ್ನು ಮರದ ಹಿಂದೆ ಅಡಗಿಸಬೇಕು.

ಮೇಷ್ಟ್ರು ಮೊದಲ ಸಲ ಅದನ್ನು ತೋರಿಸಲು ಬಂದಾಗ, “ಅಕ್ಕ, ಮೊದಲು ಸೌಂಡ್ ಆಫ್ ಮಾಡಿಕೊಂಡು ಆಡಿ,” ಎಂದ.

ಅವಳು ಮುದುಕಿಯನ್ನು ಮರಗಳ ನಡುವೆ ನಡೆಸಿಕೊಂಡು ಹೋದಳು.

“ಏನನ್ನಿಸ್ತು?”

“ಅಜ್ಜಿ ಡಾಕ್ಟರ್ ಹೇಳಿದ್ರು ಅಂತ ವಾಕಿಂಗ್ ಹೊರಟಂಗಿದೆ.”

ಅವನು ನಕ್ಕು ಸೌಂಡ್ ಹಾಕಿದ. ಅದೇ ದಾರಿ, ಅದೇ ಮರಗಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನೆಲದಡಿಯಿಂದ ಎದ್ದಂತೆ ಒಂದು ತಗ್ಗಿನ ಸ್ವರ ಹೊರಟಿತು. ದಪ್ಪ ತಂತಿಯ ಮೇಲೆ ಯಾರೋ ಕಮಾನನ್ನು ಎಳೆಯುತ್ತಲೇ ಇದ್ದಾರೆ, ಬಿಡುತ್ತಿಲ್ಲ. ಗುಂಡಿ ಒತ್ತುತ್ತಿದ್ದ ಅವಳ ಹೆಬ್ಬೆರಳು ತಾನಾಗಿ ನಿಂತುಹೋಯಿತು. ಕತ್ತಿನ ಹಿಂದೆ ಕೂದಲು ನಿಮಿರಿತು.

“ಒಂದೆಲೆ ಕೂಡ ಅಲ್ಲಾಡಿಸಿಲ್ಲ ನಾನು,” ಎಂದ ಮೇಷ್ಟ್ರು. “ಕಾಡನ್ನ ಕಣ್ಣು ನೋಡುತ್ತೆ ಅಷ್ಟೇ. ಹೆದರೋದು ಕಿವಿ. ಕೊನೆಯಲ್ಲಿ ನೋಡಿ, ನದಿ ದಡದಲ್ಲಿ ಒಂದು ಗುಡಿಸಲಿದೆ. ಒಳಗೆ ಮೊಮ್ಮಗಳು ಮಲಗಿದಾಳೆ. ಆಗ ಈ ಸ್ವರ ನಿಂತುಹೋಗುತ್ತೆ. ಆರು ಗಂಟೆ ಹೆದರಿಕೊಂಡು ಆಡಿದವರಿಗೆ ಮೊದಲ ಸಲ ಉಸಿರು ಬಿಡೋಕೆ ಸಿಗುತ್ತೆ. ಆಮೇಲೆ ಬರೀ ಒಂದು ಹೆಣ್ಣುದನಿ, ಗುನುಗೋದು. ಅಷ್ಟೇ.”

ಆ ಗುನುಗನ್ನು ಅವನು ಹನ್ನೊಂದು ತಿಂಗಳು ತಿದ್ದಿದ. ಒಮ್ಮೆ ಮಾತಿನ ನಡುವೆ, ತೀರಿಹೋದ ತನ್ನ ತಂಗಿ ಬಟ್ಟೆಗೆ ಇಸ್ತ್ರಿ ಹಾಕುವಾಗ ಹೀಗೇ ಗುನುಗುತ್ತಿದ್ದಳು ಎಂದು ಹೇಳಿದ.

ಇದಾಗಿ ಒಂದು ವರ್ಷದ ಮೇಲೆ, ಎರಡನೇ ಅಧ್ಯಾಯ ಪರೀಕ್ಷೆಗೆ ಬಂದಾಗ, ಹೊಂಚು ಅವಳ ಮುದುಕಿಯನ್ನು ಮತ್ತೆ ಮತ್ತೆ ಹಿಡಿಯತೊಡಗಿತು. ಎಚ್ಚರಿಕೆಯೇ ಇಲ್ಲದೆ ಹಾರಿ ಬೀಳುತ್ತಿತ್ತು. ಅವಳು ಪಟ್ಟಿಯಲ್ಲಿ ‘ತಗ್ಗಿನ ಸ್ವರ ಬರುತ್ತಿಲ್ಲ’ ಎಂದು ಬರೆದಳು. ಮೇಷ್ಟ್ರು ಓಡಿಬಂದು ಅವಳ ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಕೇಳಿದ.

“ಬರ್ತಾ ಇದೆಯಲ್ಲ ಅಕ್ಕ. ಚೆನ್ನಾಗೇ ಬರ್ತಾ ಇದೆ.”

ಅವಳು ವೈರಿನ ತುದಿಯನ್ನು ಕಿತ್ತು ಮತ್ತೆ ಚುಚ್ಚಿದಳು. “ವೈರು ಲೂಸಾಗಿರ್ಬೇಕು,” ಎಂದಳು.

ಅವನು ಹೊಸ ಹೆಡ್‌ಫೋನ್ ತಂದುಕೊಟ್ಟ. ಅವಳು ಹಾಕಿಕೊಂಡು, ಅವನ ಮುಖ ನೋಡುತ್ತ, “ಹಾಂ, ಈಗ ಬಂತು,” ಎಂದಳು. ಬಂದಿರಲಿಲ್ಲ. ಮೇಲಿನ ಸ್ವರಗಳೆಲ್ಲ ಇದ್ದವು. ಎಲೆಯ ಸರಸರ, ಹಕ್ಕಿಯ ಚಿಲಿಪಿಲಿ, ಮುದುಕಿಯ ಉಬ್ಬಸ ಎಲ್ಲ ಇತ್ತು. ಅವುಗಳ ಕೆಳಗೆ ನೆಲವೇ ಇರಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಅವಳೂ ಆ ದಿನಕ್ಕೆ ಹಾಗೆಂದುಕೊಂಡಳು.

ಮನೆಯಲ್ಲಿ ಅವಳಿಗೆ ಏನೂ ವ್ಯತ್ಯಾಸ ಕಂಡಿರಲಿಲ್ಲ. ಅಮ್ಮ ಕೂಗುವ ಮನೆಯಲ್ಲಿ ಕಿವಿ ಮಂದವಾದದ್ದು ಹೇಗೆ ತಿಳಿಯಬೇಕು? ಬಸ್ಸಿನಲ್ಲಿ, ಇಂಜಿನ್ನಿನ ಗಲಾಟೆಯಲ್ಲಿ, ಪಕ್ಕದವರ ಮಾತು ಇನ್ನೂ ಚೆನ್ನಾಗಿ ಕೇಳುತ್ತಿತ್ತು. ‘ನನಗೇನೂ ಆಗಿಲ್ಲ’ ಎಂದು ಅವಳು ಸಮಾಧಾನ ಮಾಡಿಕೊಂಡದ್ದು ಆ ಬಸ್ಸಿನಲ್ಲೇ. ಅದೇ ಬಸ್ಸಿನಲ್ಲಿ ಒಂದು ಬೆಳಿಗ್ಗೆ, ಕಂಬಿ ಹಿಡಿದು ನಿಂತಿದ್ದಾಗ, ಅಪ್ಪನೂ ಬಸ್ಸಿನಲ್ಲಿ ಮಾತ್ರ ಸರಿಯಾಗಿ ಉತ್ತರ ಕೊಡುತ್ತಿದ್ದದ್ದು ನೆನಪಾಯಿತು. ಮನೆಯಲ್ಲಿ ಏನು ಕೇಳಿದರೂ ಬೆಪ್ಪಾಗಿ ನೋಡುವವನು ಬಸ್ಸು ಹತ್ತಿದರೆ ಹರಟೆಗೆ ಕೂರುತ್ತಿದ್ದ. ಇಳಿಯಬೇಕಾದ ಕಡೆ ಇಳಿಯದೆ ಎರಡು ಸ್ಟಾಪು ಮುಂದೆ ಹೋಗಿಬಿಟ್ಟಳು.

ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಕಾಗದದ ಮೇಲೆ ಬರೆದುಕೊಡುತ್ತಾರೆ. ಬರೆದದ್ದನ್ನು ಇಲ್ಲವೆನ್ನಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಇನ್ನೊಂದು: ಕಿವಿಯಕ್ಕನಿಂದ ಕಿವಿ ತೆಗೆದರೆ ಉಳಿಯುವುದು ಬರೀ ಅಕ್ಕ. ಅಂಥ ಅಕ್ಕಂದಿರು ಊರ ತುಂಬ ಇದ್ದಾರೆ.

ಅವಳು ಒಂದು ಉಪಾಯ ಕಂಡುಕೊಂಡಳು. ಪರೀಕ್ಷೆಯ ಕಂಪ್ಯೂಟರಿನಲ್ಲಿ ಸದ್ದಿನ ಮಟ್ಟ ತೋರಿಸುವ ಹಸಿರು ಪಟ್ಟಿಗಳಿದ್ದವು. ತಗ್ಗಿನ ಸ್ವರಕ್ಕೊಂದು, ನಡುವಿನದಕ್ಕೊಂದು, ಮೇಲಿನದಕ್ಕೊಂದು. ತಗ್ಗಿನ ಪಟ್ಟಿ ಏರಿತೆಂದರೆ ಹೊಂಚು ಬಂತು ಎಂದರ್ಥ. ಅವಳು ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿದಳು. ಪಟ್ಟಿ ಏರಿದೊಡನೆ ಮುದುಕಿಯನ್ನು ಮರದ ಹಿಂದೆ ನಿಲ್ಲಿಸುವಳು. ಹೊಂಚು ಒಮ್ಮೆಯೂ ಅವಳನ್ನು ಹಿಡಿಯಲಿಲ್ಲ. ಹೆದರಿಕೆಯೂ ಆಗಲಿಲ್ಲ. ಪಕ್ಕದ ಕೋಣೆಯ ಪರೀಕ್ಷಕರು ಅದೇ ಜಾಗದಲ್ಲಿ ಕುರ್ಚಿಯಿಂದ ಅರ್ಧ ಎದ್ದು ನಿಂತು ಕಿರುಚಿಕೊಳ್ಳುವುದನ್ನು ಹಾದುಹೋಗುವಾಗ ಅವರ ಬಾಗಿಲಿನ ಗಾಜಿನಾಚೆ ನೋಡುವಳು. ಅವಳಿಗೆ ಮಾತ್ರ ಆ ಕಾಡು, ಅಂಗಡಿಯ ಗೋಡೆಗೆ ಅಂಟಿಸಿದ ಕಾಡಿನ ಚಿತ್ರದ ಹಾಗಿತ್ತು. ದಿನಕ್ಕೆ ಎಂಟು ಗಂಟೆ ಅದರೊಳಗೆ ಒಂದು ಮುದುಕಿಯನ್ನು ನಡೆಸಿ, ಪಟ್ಟಿಯಲ್ಲಿ ‘ಕೇಳಿದ್ದೇನೆ’ ಎಂದು ಗುರುತು ಹಾಕಿ ಮನೆಗೆ ಬರುವಳು. ಹೀಗೆ ಎಂಟು ತಿಂಗಳು ಕಳೆಯಿತು.

ಕೊನೆಯ ವಾರ ಎಂದಿನಂತೆ ಗಡಿಬಿಡಿ. ಚಿತ್ರಕ್ಕೆ ಸದ್ದು ಸೇರಿಸುವ ಹೆಂಗಸು, ಎಲ್ಲರೂ ಅವಳನ್ನು ಜೋಡಣೆಯವಳು ಎನ್ನುತ್ತಿದ್ದರು, ಕೊನೆಯ ಅಧ್ಯಾಯದ ಒಂದು ತುಣುಕನ್ನು ಬದಲಾಯಿಸಿ ಕಳಿಸಿದಳು. ಮತ್ತೊಮ್ಮೆ ಕೇಳಿ ಗುರುತು ಹಾಕಬೇಕಿತ್ತು. ಕಿವಿಯಕ್ಕ ಆಡಿದಳು. ನದಿ ಬಂತು, ಗುಡಿಸಲು ಬಂತು. ಮೇಲಿನ ಪಟ್ಟಿ ಮೆಲ್ಲಗೆ ಏರಿತು: ಗುನುಗು ಶುರುವಾಗಿದೆ. ತಗ್ಗಿನ ಪಟ್ಟಿಯೂ ಅಷ್ಟೆತ್ತರಕ್ಕೆ ಎದ್ದು ಅಲ್ಲೇ ನಿಂತಿತ್ತು. ಅವಳು ಅದನ್ನು ನೋಡಿದಳು. ನೋಡಲಿಲ್ಲ ಎಂದು ಆಮೇಲೆ ಯಾರಿಗೂ ಹೇಳಲು ಅವಳಿಗೆ ಸಾಧ್ಯವಾಗಲಿಲ್ಲ, ಏಕೆಂದರೆ ನೋಡಿದ್ದಳು. ‘ನದಿಯ ಸದ್ದಿರಬೇಕು’ ಎಂದುಕೊಂಡಳು. ಯಾರನ್ನಾದರೂ ಕರೆದು ಕೇಳಬಹುದಿತ್ತು. ಕರೆದರೆ ಏಕೆ ಕರೆದೆ ಎಂದು ಕೇಳುತ್ತಾರೆ. ಗುರುತು ಹಾಕಿದಳು.

ಆಟ ಹೊರಬಿದ್ದ ಎರಡನೇ ದಿನಕ್ಕೆ ಆಡಿದವರ ಮಾತುಗಳು ಬರತೊಡಗಿದವು. ಕಾಡನ್ನು ಎಲ್ಲರೂ ಹೊಗಳಿದ್ದರು. ಕೊನೆಯ ಬಗ್ಗೆ ಮಾತ್ರ ಏನೇನೋ ಬರೆದಿದ್ದರು. ಒಬ್ಬರು ಗುಡಿಸಲಿನ ಎದುರು ಮರದ ಹಿಂದೆ ಇಪ್ಪತ್ತು ನಿಮಿಷ ಅಡಗಿ ಕಾದರಂತೆ, ಏನೂ ಬರಲಿಲ್ಲವಂತೆ. ಮತ್ತೊಬ್ಬರು ಬಾಗಿಲು ತೆರೆದು, ಮಗು ಎದ್ದು ಕುಳಿತದ್ದೇ ತಡ, ಮುದುಕಿಯನ್ನು ತಿರುಗಿಸಿ ಓಡಿಸಿದರಂತೆ. ಇನ್ನೊಬ್ಬಳು ಬರೆದಿದ್ದಳು: “ಒಳಗಿದ್ದದ್ದು ಮೊಮ್ಮಗಳಲ್ಲ, ಮೊಮ್ಮಗಳ ವೇಷ ಹಾಕಿದ ಹೊಂಚು. ನನಗೆ ಗೊತ್ತಾಯಿತು. ನಾನು ಬಾಗಿಲು ತೆರೆಯಲೇ ಇಲ್ಲ. ಆಟ ಮುಚ್ಚಿಟ್ಟೆ.”

ಬದಲಾಯಿಸಿ ಕಳಿಸಿದ ತುಣುಕಿನಲ್ಲಿ, ಗುಡಿಸಲಿನ ಹತ್ತಿರ ನಿಲ್ಲಬೇಕಿದ್ದ ತಗ್ಗಿನ ಸ್ವರ ನಿಂತಿರಲಿಲ್ಲ. ಗುನುಗಿನ ಅಡಿಯಲ್ಲಿ ಅದು ಎಳೆಯುತ್ತಲೇ ಇತ್ತು. ನಿದ್ದೆ ಹೋದ ಮಗುವಿನ ಚಿತ್ರದ ಕೆಳಗೆ ಆ ಸ್ವರ ಇಟ್ಟರೆ ಮಗುವೇ ಭಯ ಹುಟ್ಟಿಸುತ್ತದೆ.

ಮರುದಿನ ಹನ್ನೊಂದಕ್ಕೆ ಸಭೆ ಕರೆದರು. ಉದ್ದನೆಯ ಮೇಜು, ನೀರಿನ ಬಾಟಲಿಗಳು. ಪರೀಕ್ಷಾ ವಿಭಾಗದ ಮುಖ್ಯಸ್ಥೆ, ಎಲ್ಲರೂ ಮೇಡಂ ಎನ್ನುತ್ತಿದ್ದವರು, ಪಟ್ಟಿ ಎದುರಿಗಿಟ್ಟುಕೊಂಡು ಕುಳಿತಿದ್ದರು. ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ.

“ಕಿವಿಯಕ್ಕ ಕೇಳಿ ಗುರುತು ಹಾಕಿದಾರೆ,” ಎಂದರು ಮೇಡಂ. “ಅವರು ಕೇಳಿದಾಗ ಸರಿಯಾಗಿತ್ತು ಅಂತಾಯ್ತು. ಅಂದ್ರೆ ಅದಾದ ಮೇಲೆ ಯಾರೋ ಕೈಯಾಡಿಸಿದಾರೆ,” ಎಂದು ಜೋಡಣೆಯವಳ ಕಡೆ ತಿರುಗಿದರು.

“ಆಮೇಲೆ ನಾನು ಮುಟ್ಟಿಲ್ಲ ಮೇಡಂ. ದೇವರಾಣೆ ಮುಟ್ಟಿಲ್ಲ. ನನ್ನಿಂದ ತಪ್ಪಾಗಿದ್ರೆ ಅಕ್ಕನಿಗೆ ಗೊತ್ತಾಗ್ತಿರಲಿಲ್ವಾ? ಅಕ್ಕ ಬಿಡ್ತಿದ್ರಾ?” ಅವಳಿಗೆ ಅಳು ಬಂದುಬಿಟ್ಟಿತ್ತು.

ಆ ಮಾತು ಕಿವಿಯಕ್ಕನಿಗೆ ಅರ್ಧ ಕೇಳಿಸಿತು, ಅರ್ಧ ತುಟಿ ನೋಡಿ ತಿಳಿಯಿತು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಒಂಬತ್ತು ವರ್ಷದ ಹೆಸರು ಅವಳ ಬೆನ್ನಿಗಿತ್ತು. ಅವಳು ಎದ್ದು ನಿಂತಳು. ಎದ್ದು ನಿಲ್ಲುವಂಥ ಸಭೆಯಾಗಿರಲಿಲ್ಲ ಅದು, ಎಲ್ಲರೂ ತಿರುಗಿ ನೋಡಿದರು.

“ಅವಳು ಆಮೇಲೆ ಮುಟ್ಟಿಲ್ಲ ಮೇಡಂ. ಆ ಸ್ವರ ನಾನು ಆಡಿದಾಗಲೇ ಇತ್ತು. ನಾನು ಕೇಳಿಲ್ಲ. ಕೇಳಿದ್ದೇನೆ ಅಂತ ಬರೆದೆ. ಎಂಟು ತಿಂಗಳಿಂದ ಹಾಗೇ ಬರೀತಿದೀನಿ. ನನಗೆ ಕಿವಿ ಕೇಳ್ತಿಲ್ಲ.”

ಯಾರೋ ಏನೋ ಹೇಳಿದರು. ಅದು ಅವಳಿಗೆ ಕೇಳಿಸಲಿಲ್ಲ. ಮೇಷ್ಟ್ರ ಮುಖವನ್ನು ಮಾತ್ರ ನೋಡಿದಳು. ಅವನು ಕನ್ನಡಕ ಹಾಕಿಕೊಂಡ, ಮತ್ತೆ ತೆಗೆದ.

ಮಧ್ಯಾಹ್ನ ಅವನ ಕೋಣೆಗೆ ಹೋದಳು. “ಇನ್ನು ಮೂರು ದಿನದಲ್ಲಿ ಸರಿಮಾಡಿ ಕಳಿಸ್ತಾರಂತಲ್ಲ ಮೇಷ್ಟ್ರೇ,” ಎಂದಳು. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

ಅವನು ಅವಳಿಗೆ ತುಟಿ ಕಾಣುವಂತೆ ತಿರುಗಿ ಕುಳಿತು, ಬಿಡಿಸಿ ಬಿಡಿಸಿ ಹೇಳಿದ. “ಕಳಿಸ್ತಾರೆ ಅಕ್ಕ. ಆಡಿ ಮುಗಿಸಿದವರು ಇನ್ನೊಂದು ಸಲ ಆಡ್ತಾರಾ? ಆಡಿದ್ರೂ ಬಾಗಿಲ ಹಿಂದೆ ಏನಿದೆ ಅಂತ ಅವರಿಗೆ ಗೊತ್ತಿರುತ್ತೆ. ಮೊದಲ ಸಲ ಅನ್ನೋದು ಒಂದೇ ಸಲ.” ಕನ್ನಡಕ ತೆಗೆದಿಟ್ಟು, “ನನಗೊಂದು ಮಾತು ಹೇಳ್ಬಹುದಿತ್ತು ನೀವು. ನನಗೆ ಹೇಳ್ಬಹುದಿತ್ತು,” ಎಂದ.

ಅವಳು ಬಾಗಿಲ ಹತ್ತಿರ ಇನ್ನೂ ಒಂದು ಗಳಿಗೆ ನಿಂತಳು. ಅವನು ತಲೆಯೆತ್ತಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಕಂಪನಿಯವರು ಮರ್ಯಾದೆಯಿಂದಲೇ ನಡೆದುಕೊಂಡರು. ಬೇರೆ ವಿಭಾಗದಲ್ಲಿ ಕೆಲಸ ನೋಡುತ್ತೇವೆ ಎಂದರು, ನೋಡಿದರು, ಇಲ್ಲ ಎಂದರು. ಕೊನೆಯ ದಿನ ಜೋಡಣೆಯವಳು ಅವಳ ಕೈ ಹಿಡಿದುಕೊಂಡು ಏನೋ ಹೇಳಿ ಅತ್ತಳು. ಮೇಷ್ಟ್ರು ಅಂದು ರಜೆ ಹಾಕಿದ್ದ.

ಕಿವಿ ಡಾಕ್ಟರು ಚಿತ್ರ ಬರೆದು ತೋರಿಸಿದರು. ಕಿವಿಯೊಳಗೆ ಅಕ್ಕಿಕಾಳಿಗಿಂತ ಸಣ್ಣದೊಂದು ಮೂಳೆ ಇದೆ, ಅದು ಅಲ್ಲಾಡಿದರೆ ಕೇಳುತ್ತದೆ, ನಿಮ್ಮದು ಬಿಗಿದುಕೊಂಡಿದೆ, ಮನೆತನದಲ್ಲಿ ಬಂದಿರಬೇಕು, ಇಂಥವರಿಗೆ ಬಸ್ಸಿನ ಗಲಾಟೆಯಲ್ಲೇ ಮಾತು ಚೆನ್ನಾಗಿ ಕೇಳುತ್ತದೆ ಎಂದರು. ಆಪರೇಷನ್ ಮಾಡಿದರೆ ಬಹಳ ಜನಕ್ಕೆ ಸರಿಹೋಗುತ್ತದೆ, ನೂರಕ್ಕೆ ಒಬ್ಬರಿಗೆ ಇದ್ದದ್ದೂ ಹೋಗುತ್ತದೆ ಎಂದೂ ಹೇಳಿದರು. ಹೆಚ್ಚು ಕೆಟ್ಟಿದ್ದ ಎಡಗಿವಿಗೆ ಮಾಡಿಸಿಕೊಂಡಳು. ಅವಳು ಆ ನೂರರಲ್ಲಿ ಒಬ್ಬಳಾದಳು. ಎಡಗಿವಿ ಪೂರ್ತಿ ಹೋಯಿತು. ಅದರ ಜಾಗದಲ್ಲಿ ಒಂದು ಸಿಳ್ಳು ಬಂದು ಕುಳಿತಿತು, ಹಗಲು ರಾತ್ರಿ ನಿಲ್ಲದ್ದು. ಬಲಗಿವಿಯನ್ನು ಮುಟ್ಟಲು ಅವಳು ಬಿಡಲಿಲ್ಲ. ಅದಕ್ಕೆ ಯಂತ್ರ ಹಾಕಿಕೊಂಡಳು. ಯಂತ್ರದಲ್ಲಿ ಮಾತು ಹೇಗೋ ತಿಳಿಯುತ್ತದೆ, ಹಾಡು ಮಾತ್ರ ತಗಡಿನ ಡಬ್ಬದೊಳಗೆ ಮೊಳೆ ಅಲ್ಲಾಡಿಸಿದ ಹಾಗೆ.

“ನಿಮ್ಮಪ್ಪನ ಕಿವಿ ಬಂತು ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದೆ ನಾನು,” ಎಂದಳು ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ. “ಪೂರ್ತಿ ಬಂದುಬಿಡ್ತು ನೋಡು.” ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಆರು ತಿಂಗಳ ನಂತರ ಅವಳಿಗೆ ಒಂದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೆಲಸ ಸಿಕ್ಕಿತು. ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ ಬೆನ್ನು ಕಟ್ಟುವುದು. ಅಲ್ಲಿ ಅವಳಿಗೆ ಅಡ್ಡಹೆಸರಿಲ್ಲ. ಎದುರು ಕೂರುವ ಮುದುಕರು ಏನಾದರೂ ಬೇಕಿದ್ದರೆ ಮೇಜನ್ನು ಬೆರಳಿನಿಂದ ಕುಟ್ಟುತ್ತಾರೆ.

ಒಂದು ದಿನ ಅಂಚೆಯಲ್ಲಿ ಮೇಷ್ಟ್ರಿಂದ ಆ ಆಟ ಬಂತು, ಸರಿಮಾಡಿದ್ದು. ಒಂದು ಸಾಲಿನ ಪತ್ರವೂ ಜೊತೆಗಿರಲಿಲ್ಲ. ಅದು ಕ್ಷಮೆಯೋ, ಇನ್ನೇನೋ ಅವಳಿಗೆ ಗೊತ್ತಾಗಲಿಲ್ಲ. ಕಪಾಟಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಳು. ಅದನ್ನು ಹೊರಗೆ ತೆಗೆಸಿದವಳು ಅಮ್ಮ.

“ಒಂಬತ್ತು ವರ್ಷ ಅಲ್ಲಿ ಏನ್ ಮಾಡ್ತಿದ್ದೆ ಅಂತ ನಾನು ಒಂದ್ಸಲನೂ ನೋಡಿಲ್ಲ. ಹಾಕೇ.”

“ನಿನಗೇನು ಅರ್ಥವಾಗುತ್ತೆ ಅಮ್ಮಾ?”

“ಮುದುಕಿ ಕಥೆ ಮುದುಕಿಗಲ್ದೆ ಇನ್ಯಾರಿಗೆ ಅರ್ಥವಾಗ್ಬೇಕು? ಹಾಕು.”

ಒಂದು ಭಾನುವಾರ ಮಧ್ಯಾಹ್ನ ಟಿವಿಗೆ ಜೋಡಿಸಿ ಇಬ್ಬರೂ ಮಂಚದ ಮೇಲೆ ಕುಳಿತರು. ಅವಳು ಯಂತ್ರ ತೆಗೆದು ಕಿಟಕಿಯಲ್ಲಿಟ್ಟಳು, ಆ ತಗಡಿನ ಸದ್ದು ಬೇಡವೆಂದು. ಇಲ್ಲಿ ಹಸಿರು ಪಟ್ಟಿಗಳಿರಲಿಲ್ಲ. ಮುದುಕಿ ನಡೆದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಮ್ಮ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. “ಬೇಡ ಕಣೇ, ಮುಂದೆ ಹೋಗ್ಬೇಡ, ಅಲ್ಲೇನೋ ಇದೆ!” ಅಮ್ಮ ಕೂಗಿದ್ದು ಬರಿಗಿವಿಗೂ ಒಂದಿಷ್ಟು ತಲುಪಿತು. ಅವಳು ಮುದುಕಿಯನ್ನು ಮರದ ಹಿಂದೆ ನಿಲ್ಲಿಸಿದಳು. ಹೊಂಚು ಹಾದುಹೋಯಿತು. ಅಮ್ಮನ ಬೆರಳು ಸಡಿಲವಾದವು. ಆಮೇಲೆ ದಾರಿಯುದ್ದಕ್ಕೂ ಹಾಗೆಯೇ ಆಡಿದಳು, ಅಮ್ಮನ ಹಿಡಿತ ನೋಡಿಕೊಂಡು. ಮೂರು ಭಾನುವಾರ ಹಿಡಿಯಿತು. ಮುಂಗೈಯ ಮೇಲೆ ಉಗುರಿನ ಗುರುತು ಎದ್ದವು.

ಮೂರನೇ ಭಾನುವಾರ ನದಿ ಬಂತು. ಗುಡಿಸಲು ಕಂಡಿತು. ಅವಳಿಗೆ ಅದು ಚಿತ್ರದಲ್ಲಿ ಬರೆದ ಗುಡಿಸಲು, ಅಷ್ಟೇ. ಮುದುಕಿ ಬಾಗಿಲಿಗೆ ಕೈಹಾಕಿದಳು. ಅವಳು ಅಮ್ಮ ಹಿಡಿಯುವುದನ್ನೇ ಕಾದಳು. ಅಮ್ಮ ಹಿಡಿಯಲಿಲ್ಲ. ತಿರುಗಿ ನೋಡಿದಳು. ಅಮ್ಮನ ಬಾಯಿ ಅರೆತೆರೆದಿತ್ತು, ಕಣ್ಣೀರು ಕೆನ್ನೆಯ ಸುಕ್ಕಿನಲ್ಲಿ ಅಡ್ಡದಾರಿ ಹಿಡಿದು ಕಿವಿಯ ಕಡೆ ಇಳಿಯುತ್ತಿತ್ತು, ಒರೆಸಿಕೊಳ್ಳಬೇಕೆಂಬ ಎಚ್ಚರವೂ ಅವಳಿಗಿರಲಿಲ್ಲ. ಪರದೆಯ ಮೇಲೆ ಮಗು ಎದ್ದು ಕುಳಿತಿತು. ಅಮ್ಮನ ತುಟಿ ಅಲುಗಿದವು. ಎಷ್ಟೋ ವರ್ಷದ ಮೇಲೆ ಅವಳು ಮೆತ್ತಗೆ ಮಾತಾಡುತ್ತಿದ್ದಳು, ಯಾರ ಹತ್ತಿರವೋ. ಮಗಳಿಗೆ ಅದು ಕೇಳಿಸಲಿಲ್ಲ.

ಮಾಡಿದವರ ಹೆಸರುಗಳು ಸಾಲಾಗಿ ಮೇಲೇರಿ ಮುಗಿದವು. ಅಮ್ಮ ಮೂಗೊರೆಸಿಕೊಂಡು, ಕೊನೆಯದನ್ನು ಇನ್ನೊಂದು ಸಲ ಹಾಕು ಎಂದು ಕೈಸನ್ನೆ ಮಾಡಿದಳು. ಅವಳು ಹಾಕಿಕೊಟ್ಟು, ಬಿಸಿಲು ಇಳಿಯುವ ಮೊದಲು ತಂತಿಯ ಮೇಲಿನ ಬಟ್ಟೆ ತೆಗೆಯಲು ಹೊರಗೆ ಹೋದಳು.